ಒಳಗೆ ನಡೆಯುವವನು

ನಾಪೋಕ್ಲು ಬಸ್ ನಿಲ್ದಾಣದ ಎದುರು
ಮೀನಿನಂಗಡಿಯ ಮಹಡಿಯಲ್ಲಿ ನನ್ನ ರಿಪೇರಿ ಮೇಜು.
ಸಂತೆ ಮುಗಿಸಿ, ಕಂಪ್ಯೂಟರಿನ ಡಬ್ಬ ಗೋಣಿಯಲ್ಲಿ ಸುತ್ತಿ
ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತಿದರು ಕುಟ್ಟಯ್ಯ,
ಮೂವತ್ತೊಂದು ವರ್ಷ ಟಪಾಲು ಹೊತ್ತ ಅದೇ ಹೆಗಲು.

"ಸದ್ದು ಮಾಡುತ್ತೆ ರಂಸೀನಾ. ಮಂಡಿ ಸವೆದವರ ಹಾಗೆ."

ನಿಜ. ಟಕ್, ಟಕ್, ಆಮೇಲೊಂದು ನಿಟ್ಟುಸಿರು.
ಹದಿನೇಳು ವರ್ಷದ ಹಾರ್ಡ್ ಡಿಸ್ಕು.
ಭಾನುವಾರ ಊಟವಾದ ಮೇಲೆ ಡಿಫ್ರ್ಯಾಗ್ ಹಾಕಿ
ಕುರ್ಚಿ ಎಳೆದು ಕೂರುತ್ತಿದ್ದರಂತೆ,
ಕೆಂಪು ಗೆರೆ ನೀಲಿಯಾಗುವುದನ್ನು,
ಚೆದುರಿದ್ದು ಸಾಲಿಗೆ ಬರುವುದನ್ನು ನೋಡುತ್ತ,
ಮನೆಯವರು ಆಚೆ ಕೋಣೆಯಲ್ಲಿ ಟೀವಿ ನೋಡುವಾಗ.

"ಒಳಗೆ ಒಬ್ಬ ನಡೆಯುತ್ತಾನೆ, ಅಲ್ಲವಾ?
ನಮ್ಮ ಕಡೆ ಮನೆಗಳ ಹಾಗೆ, ಒಂದು ಈ ಗುಡ್ಡದಲ್ಲಿ,
ಒಂದು ತೋಡಿನಾಚೆ,
ಮತ್ತೊಂದು ಎಸ್ಟೇಟಿನ ಮೂರನೇ ಗೇಟು ದಾಟಿ.
ಒಂದೇ ಮನೆತನದ ನಾಲ್ಕು ಕಾಗದಕ್ಕೆ ನಾಲ್ಕು ಮೈಲಿ.
ಯಾರಾದರೂ ರಾತ್ರೋರಾತ್ರಿ ಅವನ್ನೆಲ್ಲ
ಒಂದೇ ಸಾಲಿಗೆ ತಂದು ನಿಲ್ಲಿಸಿದ್ದರೆ
ಈ ಮಂಡಿ ಇನ್ನೂ ಹತ್ತು ವರ್ಷ ಬರುತ್ತಿತ್ತು.
ನನಗೆ ಯಾರೂ ಮಾಡಲಿಲ್ಲ. ಅವನಿಗೆ ನಾನು ಮಾಡಿದೆ."

ಡಿಸ್ಕು ತೆರೆದು ನೋಡಿದೆ. ಬೀಟಿನ ದಾರಿಗಳು:
ಯಾವ ಬೇಲಿಯಲ್ಲಿ ಕಂಡಿ,
ಯಾವ ಸಂಕವನ್ನು ಆಟಿಯಲ್ಲಿ ನಂಬಬಾರದು,
ಪ್ರತಿ ಮನೆಯ ನಾಯಿಯ ಹೆಸರು, ಸತ್ತ ವರ್ಷ ಸಹಿತ.
ಒಂದೊಂದೂ ಮೂರು ನಾಲ್ಕು ಸಾಲಿನ ಕಡತ.
ಮದುವೆ ವಿಡಿಯೋ ತುಂಬಿಟ್ಟವರಿಗಾದರೆ
ಹಳೇ ಡಿಸ್ಕಿನಲ್ಲಿ ಜೋಡಿಸಿ, ಗುಣವಿದೆ ಅನ್ನುತ್ತೇನೆ.
ಇಲ್ಲಿ ಚೂರಾಗಲು ಏನಿತ್ತು?
ಒಂದೇ ತುತ್ತಿನ ರೊಟ್ಟಿಯನ್ನು ಮುರಿಯುವುದೆಲ್ಲಿಂದ?
ಅದನ್ನು ಅವರಿಗೆ ಹೇಳಲಿಲ್ಲ.

ಹೊಸದು ತೆಗೆದೆ, ಅಂಚೆ ಪಾಸ್‌ಬುಕ್ಕಿಗಿಂತ ಚಿಕ್ಕ ಎಸ್‌ಎಸ್‌ಡಿ.
ಕಿವಿಗೆ ಹಿಡಿದರು. ಅಲುಗಿಸಿದರು.
"ಇದರೊಳಗೆ ಯಾರು?"
"ಯಾರೂ ಇಲ್ಲ. ನಡೆಯುವ ಕೆಲಸವೇ ಇಲ್ಲ.
ಎಲ್ಲ ಬಾಗಿಲೂ ಒಂದೇ ದೂರ.
ಎಲ್ಲೆಲ್ಲೋ ಕೂತಿದ್ದರೂ ಕೂಗಿದ ಕೂಡಲೇ ಓ ಅನ್ನುತ್ತವೆ."
"ಹಾಗಾದರೆ ಭಾನುವಾರ?"
"ಬೇಡ. ಇದರಲ್ಲಿ ಎತ್ತಿಟ್ಟಷ್ಟೂ ಗೋಡೆ ಸವೆಯುತ್ತೆ.
ಒಂದು ಕೋಣೆಯಲ್ಲಿ ಇಷ್ಟೇ ಸಲ ಬರೆದು ಅಳಿಸಬಹುದು
ಅಂತ ಲೆಕ್ಕ. ಸುಮ್ಮನೆ ಜೋಡಿಸಿದರೆ
ಆ ಲೆಕ್ಕದಿಂದಲೇ ಖರ್ಚು.
ಯಾವ ಮನೆ ಖಾಲಿಯಾಯಿತು ಅಂತ ಆಗಾಗ
ತಿಳಿಸಿದರೆ ಸಾಕು. ಅದನ್ನೂ ಕಂಪ್ಯೂಟರೇ ಮಾಡಿಕೊಳ್ಳುತ್ತೆ,
ನಿಮ್ಮನ್ನು ಕೇಳದೆ."

ಕುಟ್ಟಯ್ಯ ಕೆಳಗೆ ಮೀನಿನಂಗಡಿಯ ಬೆಕ್ಕನ್ನು
ತುಂಬ ಹೊತ್ತು ನೋಡಿದರು.
"ಒಳ್ಳೆಯದೇ," ಅಂದರು,
ವರ್ಗದ ಆದೇಶ ಕೈಗೆ ಬಂದವರ ದನಿಯಲ್ಲಿ.
ದುಡ್ಡು ಎರಡು ಸಲ ಎಣಿಸಿ ಕೊಟ್ಟರು, ಮನಿಯಾರ್ಡರ್ ಹಾಗೆ.
ಹಳೆಯದನ್ನು ಕೇಳಿದರು.
ಕೊಟ್ಟೆ, ಒಂದು ಕೇಬಲ್ಲಿನ ಜೊತೆ.

ಮೊನ್ನೆ ಪ್ರಿಂಟರ್ ನೋಡಲು ಕಕ್ಕಬ್ಬೆಯ ಅವರ ಮನೆಗೆ ಹೋದೆ.
ಭಾನುವಾರ, ಊಟದ ಹೊತ್ತು ಮೀರಿತ್ತು.
ಮಡಿಸಿದ ಖಾಕಿ ಅಂಗಿಯ ಮೇಲೆ
ಮುದಿ ಡಿಸ್ಕು ಟಕ್ ಟಕ್ ಅನ್ನುತ್ತಿತ್ತು.
ನಾಯಿಗಳ ಹೆಸರಷ್ಟನ್ನು ಮತ್ತೆ ಅದಕ್ಕೆ ತುಂಬಿದ್ದರು.
ಹೊಸ ವಿಂಡೋಸ್ ಬಣ್ಣ ತೋರಿಸುವುದಿಲ್ಲ, ಬರೀ ಶೇಕಡಾ:
ಹತ್ತು, ಹನ್ನೆರಡು.
ಅದನ್ನೇ ನೋಡುತ್ತಿದ್ದರು.

ಉಪಯೋಗವೇನು ಅಂತ ನಾನು ಕೇಳಲಿಲ್ಲ.
"ಕೂತೇ ಬಿಟ್ಟರೆ ಕಾಲು ಹಿಡಿಯುತ್ತೆ," ಅಂದರು ಅವರೇ,
ಯಾರ ಕಾಲು ಅಂತ ಹೇಳದೆ.

ಪ್ರಿಂಟರಿನಲ್ಲಿ ಇರುವೆ ಗೂಡು ಕಟ್ಟಿತ್ತು.
ಅದಕ್ಕೆ ನೂರೈವತ್ತು ತಗೊಂಡೆ.