ಗುಡಿಸು

ಠಾಕುರ್‌ದ್ವಾರದ ಎರಡನೇ ಗಲ್ಲಿ, ಮಾವನ ಅಂಗಡಿ.
ಆರಡಿ ಅಗಲ. ಬೋರ್ಡಿನಲ್ಲಿ ‘ಅಂಡ್ ಸನ್ಸ್’ ಅಂತಿದೆ.
ಇದ್ದ ಒಬ್ಬ ಮಗ ಸಾಂತಾಕ್ರೂಜಿನಲ್ಲಿ
ವಿಮಾನಕ್ಕೆ ಪೆಟ್ಟಿಗೆ ಏರಿಸುತ್ತಾನೆ.
ನಾಲ್ಕು ಲಿಪಿಯಲ್ಲಿ ಹಿತ್ತಾಳೆ ಕೊರೆಯುವವಳು ನಾನು,
ಇಪ್ಪತ್ತಾರು ವರ್ಷದಿಂದ.

ಜನವರಿ ಬಂತೆಂದರೆ ಊಟಕ್ಕೆ ಹೊತ್ತಿಲ್ಲ.
ನಾಟಕದವರು, ಸಿನೆಮಾದವರು, ಸಂಘದವರು,
ಎಲ್ಲರಿಗೂ ಶನಿವಾರವೇ ಬೇಕು.

ಕನ್ನಡದ್ದು ಕಡಿಮೆ. ಮಾಟುಂಗದ ಕಡೆಯ ಒಂದು ಕೂಟ.
ಅವರಿಗೆಂದು ಮಾವ ಎಂದೋ ಮಾಡಿಟ್ಟ ಅಚ್ಚುಗಳು
ಬಿಸ್ಕತ್ತಿನ ಡಬ್ಬಿಯಲ್ಲಿವೆ:
ಉತ್ತಮ ನಟ, ಉತ್ತಮ ನಟಿ, ಗಾಯಕ, ಗಾಯಕಿ,
ಉತ್ತಮ ನಿರ್ದೇಶಕ.
ನಟಿಗೆ ಗುಡಿಸು ಇತ್ತು, ಗಾಯಕಿಗೂ ಇತ್ತು.
ನಿರ್ದೇಶಕನ ಕೊನೆಗೆ ಯಾರೂ ಕೇಳಲಿಲ್ಲ,
ಮಾವ ಮಾಡಲಿಲ್ಲ.

ಈ ಸಲ ಚೀಟಿ ಬಂತು:
‘ಉತ್ತಮ ಮಹಿಳಾ ನಿರ್ದೇಶಕಿ,
ಶ್ರೀಮತಿ ಪ್ರಫುಲ್ಲಾ ಹಂಚಿನಾಳ.’
ಹೊಸ ವಿಭಾಗ. ಶೀಲ್ಡು ಎರಡಿಂಚು ಸಣ್ಣದು.
ಅಚ್ಚಿಲ್ಲ, ಕೈಯಲ್ಲೇ ಕೊರೆದೆ.
ತಲೆಕಟ್ಟು ಇದ್ದ ಕ-ದ ಮೇಲೆ ಗುಡಿಸು ಕೂರುವುದಿಲ್ಲ,
ನೆತ್ತಿಯನ್ನು ಮೊದಲಿನಿಂದಲೇ ಬೇರೆ ಸುತ್ತಬೇಕು,
ಉಸಿರು ಹಿಡಿದು.
ಉಳಿ ಜಾರಿತೋ, ಇಡೀ ತಗಡು ಹೋಯಿತು.

ಶುಕ್ರವಾರ ಸಂಜೆ ಅವರೇ ಬಂದರು.
ಅರವತ್ತು ದಾಟಿರಬೇಕು. ಗಂಡಸರ ವಾಚು,
ಕೈಚೀಲದಲ್ಲಿ ಮೂಲಂಗಿ ಸೊಪ್ಪು.
ತಗಡನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರು,
ಮುಖ ಕಾಣುವ ಹಾಗಲ್ಲ, ಗೀರು ಕಾಣುವ ಹಾಗೆ.
‘ಮಹಿಳಾ-ನೂ ಇದೆ, ಕಿ-ನೂ ಇದೆ.
ನನಗೆಲ್ಲಿ ಮರೆತುಹೋಗುತ್ತೋ ಅಂತಲಾ?
ಒಂದನ್ನು ತೆಗೆಯೋಕಾಗುತ್ತಾ?’

ತೆಗೆದರೆ ತಗ್ಗು ಉಳಿಯುತ್ತೆ, ಅಮ್ಮಾ.

‘ನಮ್ಮಲ್ಲಿ ಕತ್ತರಿಸಿದ್ದು ಕಾಣಬಾರದು,’ ಅಂದರು,
‘ಕಂಡರೆ ಎಡಿಟರನ್ನು ಬಯ್ತೀವಿ.’

ಚಹಾ ಆರುವ ತನಕ
ತಪ್ಪು ತಗಡುಗಳ ಪೆಟ್ಟಿಗೆ ಕೆದಕುತ್ತ ಕೂತರು.
ದೀರ್ಘ ಬಿಟ್ಟವು, ಒತ್ತು ಜಾರಿದವು,
ಸಭೆಗೆ ಮುಂಚೆ ಸತ್ತವರವು,
ಕೊನೇ ಗಳಿಗೆಗೆ ಅಧ್ಯಕ್ಷರ ಷಡ್ಡಕನಿಗೆ ಹೋದವು.
ತಳದಲ್ಲಿ ಒಂದು ಕಪ್ಪಿಟ್ಟದ್ದು, ಮಾವನ ಕೈಯದು,
ತೊಂಬತ್ತೊಂದನೇ ಇಸವಿ:

ಉತ್ತಮ ನಿರ್ದೇಶಕ
ಶ್ರೀ ಪಿ. ಹಂಚಿನಾಳ

‘ನಾನೇ,’ ಅಂದರು.
ಪೋಸ್ಟರಿನಲ್ಲಿ ಹಾಗೇ ಹಾಕಿದ್ದರಂತೆ,
ಹಂಚಿಕೆದಾರನ ಉಪಾಯ.
ಸಭೆಗೆ ಎರಡು ದಿನ ಇರುವಾಗ ಕೂಟದಿಂದ ಫೋನು,
ಶ್ರೀಯುತರನ್ನು ಕರೀತೀರಾ?
ಮಾತಾಡ್ತಿರೋದು ಅವರೇ, ಅಂದರಂತೆ ಇವರು.
ಆಚೆ ಕಡೆ ಯಾರೋ ಕೆಮ್ಮಿದ್ದು ಕೇಳಿಸಿತಂತೆ.
ಆ ವರ್ಷ ಆ ವಿಭಾಗದಲ್ಲಿ ಅರ್ಹರು ಯಾರೂ ಸಿಗಲಿಲ್ಲ.

ಮಾವನ ಹಳೇ ಖಾತೆ ಇಳಿಸಿದೆ. ಇದ್ದೇ ಇತ್ತು:
ತಗಡು ಒಂದು, ವಾಪಸು, ಬಾಕಿ ಮೂವತ್ತೈದು.
ಎಣಿಸಿ ಕೊಟ್ಟರು, ಐದರ ನಾಣ್ಯ ಸಮೇತ.
ಉಜ್ಜಿ ಕೊಡುತ್ತೇನೆ, ಅಂದೆ.
‘ಬೇಡ. ಶ್ರೀ-ನೂ ಇರಲಿ, ಕಪ್ಪೂ ಇರಲಿ.’
ಸೊಪ್ಪಿನ ಜೊತೆ ಅದನ್ನು ಚೀಲಕ್ಕಿಳಿಸಿ,
ಹೊಸದನ್ನು ನನ್ನ ಮೇಜಿನ ಮೇಲೇ ಬಿಟ್ಟು
ಚರ್ನಿ ರೋಡಿನ ಕಡೆ ನಡೆದರು.
ನಾಳೆ ಕೂಟದ ಹುಡುಗ ಬಂದು ಒಯ್ಯುತ್ತಾನೆ.
ವೇದಿಕೆಗೆ ಇವರು ಹತ್ತುತ್ತಾರೋ ಇಲ್ಲವೋ,
ರಸೀದಿಯಲ್ಲಿ ಅದಕ್ಕೆ ಜಾಗವಿಲ್ಲ.

ಒಂಬತ್ತಕ್ಕೆ ಪೊರಕೆ ಹಿಡಿದೆ.
ಹಿತ್ತಾಳೆ ಪುಡಿಯನ್ನು ಚೆಲ್ಲುವ ಹಾಗಿಲ್ಲ,
ಭುಲೇಶ್ವರದವ ತೂಕಕ್ಕೆ ಕೊಳ್ಳುತ್ತಾನೆ,
ಕರಗಿಸಿ ನಲ್ಲಿ ಮಾಡುತ್ತಾನೆ.
ಗುಡಿಸುವಾಗ ಹೊಳೆಯಿತು:
ನಿರ್ದೇಶಕ ಎನ್ನುವ ಪದದ
ಮೊದಲಕ್ಷರಕ್ಕೇ ಗುಡಿಸು ಇದೆ.
ಮಾವ ಅದನ್ನು ಕೊರೆದೇ ಕೊರೆದರು ಅಷ್ಟು ವರ್ಷ.
ನಾನೂ,
ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು.

ಬೆಳಗಾದರೆ ಹತ್ತು ಶೀಲ್ಡು ಇವೆ. ಕಬಡ್ಡಿ.