ಏಕೈಕ ಸದಸ್ಯೆಯ ಸಭೆ

ಫ್ರೆಸ್ನೋದ ನನ್ನ ಅಡುಗೆಮನೆಯಲ್ಲಿ
ಬೆಳಿಗ್ಗೆ ಹತ್ತಕ್ಕೆ ವಾರ್ಷಿಕ ಸಭೆ.
ಹಾಜರು: ಅರಾಕ್ಸಿ ಬೆದ್ರೋಸಿಯನ್, ಒಬ್ಬಳೇ.
ಸೂಚಿಸಿದವಳು ನಾನು, ಅನುಮೋದಿಸಿದವಳೂ ನಾನು,
ಒಲೆಯ ಮೇಲಿನ ಕಾಫಿಯೊಂದೇ
ವಿರೋಧಿಸಿ ಉಕ್ಕಿತು.

ಲಾಂಡ್ರಿಯ ಉಗಿಯಲ್ಲಿ ಮೂವತ್ತು ವರ್ಷ ಕೂಡಿಟ್ಟದ್ದು
ದೂರದ ಟೊಲಿಡೊದಲ್ಲಿ ಎರಡು ಮನೆಯಾಯಿತು.
ಇಲ್ಲಿ ಅಷ್ಟಕ್ಕೆ ಕಾರು ನಿಲ್ಲಿಸುವ ಜಾಗ.
ವಕೀಲ ಹಾಲ್ವರ್ಸನ್ ಹಾಳೆಯ ಮೇಲೆ ಡಬ್ಬಿ ಬರೆದ:
ಮನೆಗೊಂದು ಎಲ್‌ಎಲ್‌ಸಿ,
ಎರಡರ ನೆತ್ತಿಗೆ ವಯೋಮಿಂಗಿನದು ಮತ್ತೊಂದು,
ಅದರೊಳಗೆಲ್ಲೋ ನಾನು,
ಸುಲಿದಷ್ಟೂ ಸಿಗದ ಈರುಳ್ಳಿಯ ತಿರುಳು.
"ಒಂದರ ಕೇಸು ಇನ್ನೊಂದಕ್ಕೆ ತಗಲಬಾರದು."
ನನಗೇನು ಹೇಳಿಕೊಡುತ್ತಾನೆ?
ಬಣ್ಣ ಬಿಡುವ ಸೀರೆಸೆರಗನ್ನಲ್ಲ, ಕರವಸ್ತ್ರವನ್ನೂ
ಬಿಳಿ ಅಂಗಿಯ ಜೊತೆ ನೆನೆಸಿದವಳಲ್ಲ ನಾನು.

ಹೊರ ರಾಜ್ಯದ ಕಂಪನಿ ಕ್ಯಾಲಿಫೋರ್ನಿಯಾಕ್ಕೆ ಪರದೇಶಿಯಂತೆ.
ನಾನಿಲ್ಲಿ ಕೂತು ಆಳುವುದರಿಂದ
ತಲೆಗೆ ಎಂಟುನೂರು ಡಾಲರ್, ವರ್ಷವರ್ಷ.
ಹಡಗಿಳಿದ ಅಜ್ಜಿಯನ್ನೂ ಹಾಗೇ ಕರೆದಿದ್ದರು.
ಅವಳ ಬಳಿ ಎಂಟು ಇರಲಿಲ್ಲ.

ಫೆಬ್ರವರಿಯಲ್ಲಿ ಒಡೆಸ್ಸಾ ಪ್ರೂಯಿಟ್
ಮೂರನೆಯ ಮೆಟ್ಟಿಲಲ್ಲಿ ಜಾರಿದಳು. ಮಂಜುಗಡ್ಡೆ.
ಮಣಿಕಟ್ಟು ಎರಡು ಕಡೆ.
"ಮಾನ್ಯ ಎಲ್‌ಎಲ್‌ಸಿಯವರೇ," ಎಂದು ಎಡಗೈಯ ಅಕ್ಷರ,
"ಮೆಟ್ಟಿಲಿಗೆ ಉಪ್ಪು ಹಾಕಿಸಿ ಎಂದು
ಡಿಸೆಂಬರಿನಲ್ಲೇ ಬರೆದಿದ್ದೆ."
ಬರೆದಿದ್ದಳು.
ಫ್ರಿಜ್ಜಿನ ಮೇಲಿದೆ, ದ್ರಾಕ್ಷಿ ಗೊಂಚಲಿನ ಅಯಸ್ಕಾಂತದಡಿ.

"ಫೋನು ಬೇಡ," ಹಾಲ್ವರ್ಸನ್. "ವಿಮೆಯವರು ನೋಡುತ್ತಾರೆ.
ನಿಮ್ಮ ಸ್ವಂತ ಚೆಕ್ಕು ಒಂದೂ ಹೋಗಬಾರದು.
ಮುಸುಕು ಹರಿದರೆ
ಒಳಗೆ ಸಿಗುವವರು ನೀವೇ."

ವಿಷಯ ನಾಲ್ಕು: ಉಪ್ಪು.
ತಿಂಗಳಿಗೆ ಒಂಬೈನೂರ ಎಂಬತ್ತರಂತೆ ಆರು ವರ್ಷ
ಅವಳ ಉಪ್ಪು ತಿಂದದ್ದು ಯಾರು? ಕಂಪನಿಗೆ ಬಾಯಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು
ಎಂಬುದು ಯಾವ ರಾಜ್ಯದಲ್ಲಿ ನೋಂದಣಿಯಾಗಿದೆಯೋ
ಹಾಲ್ವರ್ಸನನಿಗೂ ಗೊತ್ತಿರಲಾರದು.
ಚರ್ಚೆ ದೀರ್ಘವಾಯಿತು. ಕಾಫಿ ಆರಿತು.
ಹಾಜರಿದ್ದವರಲ್ಲಿ ಒಮ್ಮತ ಬರಲಿಲ್ಲ.

ನಡಾವಳಿಯಲ್ಲಿ ಇದನ್ನು ಬರೆದಿಲ್ಲ:
ಸದಸ್ಯೆ ಎದ್ದು ಹೋಗಿ
ಟೊಲಿಡೊದ ನಂಬರು ಒತ್ತಿದಳು.

"ಯಾರು?" ಎಂದಳು ಒಡೆಸ್ಸಾ, ಹಿಂದೆ ಟಿವಿಯ ಸದ್ದು.
"ಯಾರದು, ಹೇಳಿ?"

ನನ್ನ ಹೆಸರು
ಅಷ್ಟು ಡಬ್ಬಿಗಳಿಂದ ಇಳಿದು ಬರಬೇಕಿತ್ತು.
ತಡವಾಯಿತು.