ನೀರೇ ಕಾವಲು

ಮಂಗಗಳಿಗೆ ಬಾಳೆಹಣ್ಣು ವಿಮಾನದಲ್ಲಿ ಬರುತ್ತಿತ್ತು,
ಗುರುವಾರ, ಗಾಳಿ ಸುಮ್ಮನಿದ್ದರೆ.
ಅರಲ್ ದಡದ ನಮ್ಮೂರಲ್ಲಿ ಆ ಹಣ್ಣು
ಶಾಲೆಯ ಗೋಡೆಯ ಚಿತ್ರದಲ್ಲಿ ಮಾತ್ರ.

ನಾನು ಕುಲ್ಯಾಶ್. ಪಂಜರ ತೊಳೆಯುವವಳು.
ದ್ವೀಪದ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮೇಜರ್ ಗೊಲುಬೇವ್
ಒಂದು ಕಾಗದ ಮುಂದಿಟ್ಟ:
ಕಂಡದ್ದು ಕಾಣಲಿಲ್ಲ, ಕೇಳಿದ್ದು ಕೇಳಲಿಲ್ಲ.
ಸಹಿ ಹಾಕಿದೆ.
ರುಚಿಯ ಮಾತು ಅದರಲ್ಲಿ ಇರಲಿಲ್ಲ.

ಹೆಸರಿಡಬೇಡ ಅಂದಿದ್ದರು, ಕೊರಳಿಗೆ ನಂಬರು ಕಟ್ಟಿದ್ದರು.
ಇಟ್ಟೆ. ನಲವತ್ತೊಂದಕ್ಕೆ ನನ್ನ ಅತ್ತೆಯ ಹೆಸರು,
ಥೇಟ್ ಹಾಗೇ ಮುಖ ಸಿಂಡರಿಸುತ್ತಿತ್ತು.
ಒಂದು ದಿನ ಅದು ಅರ್ಧ ಹಣ್ಣು ತಿಂದು
ಉಳಿದದ್ದನ್ನು ಸರಳಿನ ಸಂದಿಯಿಂದ ಚಾಚಿತು, ನನಗೆ.
ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡೆ.

ಹೊರಗೆ ಬರಲು ಮೂರು ಬಾಗಿಲು, ಮೂರು ಸ್ನಾನ,
ಉಗುರಿನ ಸಂದಿಗೂ ಬ್ರಷ್ಷು, ತೊಟ್ಟ ಬಟ್ಟೆ ಕುಲುಮೆಗೆ.
ನಾಲಗೆಯನ್ನು ಯಾರೂ ತೊಳೆಯಲಿಲ್ಲ.
ಮನೆಯಲ್ಲಿ ಮಗಳು ಝೌರೇಶ್ ಕೇಳಿದಳು,
"ಅಮ್ಮಾ, ಅಲ್ಲಿ ಏನು ಮಾಡ್ತಾರೆ?"
"ಗಾಳಿ ಮಳೆ ಅಳೀತಾರೆ, ನಾನು ನೆಲ ಒರೆಸ್ತೀನಿ."
ಬಾಯಲ್ಲಿನ್ನೂ ಸಿಹಿ ಇತ್ತು.
ಮುತ್ತು ಕೊಡದೆ ಮಲಗಿಸಿದೆ.

ನಸುಕಿಗೆ ದಕ್ಷಿಣದ ಬಯಲಿಗೆ ಲಾರಿ ಹೋಗುತ್ತಿತ್ತು.
ಕಂಬಕ್ಕೊಂದು ಮಂಗ, ಕಂಬಕ್ಕೊಂದು ಮಂಗ.
ದೂರದಲ್ಲಿ ಪಟ್ ಅಂತ, ಬಹಳ ಸಣ್ಣ ಶಬ್ದ,
ಆಮೇಲೆ ಸಾಸಿವೆ ಬಣ್ಣದ ಒಂದು ಮೋಡ
ಯಾರಿಗೂ ಅವಸರವಿಲ್ಲದ ಹಾಗೆ.
ನಲವತ್ತೊಂದರ ಪಂಜರ ಮರುದಿನ ನಾನೇ ತೊಳೆದೆ.
ಸಿಪ್ಪೆಯ ನಾರು ಸರಳಿಗೆ ಒಣಗಿ ಅಂಟಿತ್ತು,
ಉಗುರಿನಿಂದ ಕೆರೆದು ತೆಗೆದೆ.

ದ್ವೀಪಕ್ಕೆ ಬೇಲಿ ಇರಲಿಲ್ಲ. ನೀರೇ ಕಾವಲು, ಅನ್ನುತ್ತಿದ್ದರು.
ಹತ್ತಿ ಬೆಳೆಯಲಿಕ್ಕೆ ನದಿಗಳನ್ನು ತಿರುಗಿಸಿದವರೂ ಅವರೇ.
ವರ್ಷಕ್ಕಿಷ್ಟು ಹೆಜ್ಜೆ ಹಿಂದೆ ಹಿಂದೆ ಸರಿದು
ಸಂಬಳ ಸಿಗದ ಕಾವಲುಗಾರನಂತೆ ಅದು
ಒಂದು ದಿನ ಹೊರಟೇ ಹೋಯಿತು.

ಈಗ ಮೊಮ್ಮಗ ತಲ್ಗತ್ ಮೋಟಾರ್‌ಬೈಕಿನಲ್ಲಿ
ಸಮುದ್ರದ ತಳದ ಮೇಲೆ ಹೋಗಿ ಬರುತ್ತಾನೆ.
ತಾಮ್ರದ ಪೈಪು ತರುತ್ತಾನೆ, ಕಿಲೋ ಲೆಕ್ಕದಲ್ಲಿ ಮಾರುತ್ತಾನೆ.
ಬೂಟಿನ ತುಂಬ ಬಿಳಿ ಉಪ್ಪು.
ಉಪ್ಪೇ ಇರಬೇಕು.

ನಿನ್ನೆ ಬಜಾರಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದ.
"ತಿನ್ನಜ್ಜಿ, ಮೆತ್ತಗಿದೆ. ಅಲ್ಲಿ ಆ ಸಾಲು ಸಾಲು ಕಂಬ ಯಾವುದಕ್ಕೆ?"

ಸಹಿ ಹಾಕಿಸಿಕೊಂಡ ದೇಶ ಈಗ ಭೂಪಟದಲ್ಲಿಲ್ಲ,
ಆದರೂ ತುಟಿ ಬಿಗಿಯಿತು.
ಹೊಸ್ತಿಲಲ್ಲೇ ನಿಲ್ಲಿಸಿ ನೀರು ಹೊಯ್ದೆ,
"ಕೈ ತೊಳಿ" ಅಂದೆ.
"ಇನ್ನೊಂದು ಸಲ.
ಇನ್ನೊಂದು ಸಲ."